ಆರ್ಡರ್‌ಗೆ ಒಂದು ಸೆಕೆಂಡು, ದುಡ್ಡಿಗೆ ತೊಂಬತ್ತು ದಿನ

ಸೂಪರ್ ಮಾರ್ಕೆಟ್ಟಿನ ಕೌಂಟರಿನಲ್ಲಿ ಹುಡುಗಿ ಸೋಪಿನ ಪ್ಯಾಕೆಟ್ಟನ್ನು ಯಂತ್ರದ ಮುಂದೆ ಹಿಡಿಯುತ್ತಾಳೆ. 'ಬೀಪ್' ಅನ್ನುತ್ತೆ. ನಿಮಗೆ ಬಿಲ್ಲು ಬಂತು, ನೀವು ಚೀಲ ಹಿಡಿದು ಮನೆಗೆ ಹೋದಿರಿ. ಆದರೆ ಆ ಬೀಪ್ ಎಲ್ಲಿಗೆ ಹೋಯಿತು? ಅಂಗಡಿಯ ಲೆಕ್ಕದಲ್ಲಿ ಒಂದು ಸೋಪು ಕಡಿಮೆಯಾಯಿತು. ದಾಸ್ತಾನು ಇಂತಿಷ್ಟಕ್ಕಿಂತ ಕೆಳಗೆ ಇಳಿದ ತಕ್ಷಣ ಒಂದು ಕಂಪ್ಯೂಟರ್ ಇನ್ನೊಂದು ಕಂಪ್ಯೂಟರಿಗೆ 'ಇಷ್ಟು ಕಳಿಸು' ಅಂತ ಆರ್ಡರ್ ಹಾಕುತ್ತೆ. ಯಾರೂ ಫೋನ್ ಮಾಡಲಿಲ್ಲ, ಯಾರೂ ಕಾಗದ ಬರೆಯಲಿಲ್ಲ. ಸೋಪಿನ ಕಂಪನಿಯ ಗೋದಾಮಿನಲ್ಲಿ ಕೆಲಸ ಶುರು!

ಇದಕ್ಕೆ ಎಲೆಕ್ಟ್ರಾನಿಕ್ ಡೇಟಾ ಇಂಟರ್‌ಚೇಂಜ್ ಅಂತ ಹೆಸರು. ಚಿಕ್ಕದಾಗಿ ಇಡಿಐ. ಹೆಸರು ಕೇಳಿದರೆ ನಿದ್ದೆ ಬರುತ್ತೆ, ಒಪ್ಪಿಕೊಳ್ಳುತ್ತೇನೆ. ಟಿವಿಯಲ್ಲಿ ಈ ಮೂರಕ್ಷರ ಹೇಳಿದರೆ ನೀವು ರಿಮೋಟ್ ಹುಡುಕುತ್ತೀರಿ ಅನ್ನೋದೂ ಗೊತ್ತು. ಆದರೂ ಇವತ್ತು ಇದರ ಇತಿಹಾಸ ಹೇಳಲೇಬೇಕು. ಯಾಕೆಂದರೆ ನಾವು ತಿನ್ನುವ ಬಿಸ್ಕತ್ತಿನಿಂದ ಹಿಡಿದು ತೊಡುವ ಅಂಗಿಯವರೆಗೆ ಎಲ್ಲವೂ ಈ ದಾರಿಯಲ್ಲೇ ಓಡಾಡುತ್ತವೆ. ಮತ್ತು ಈ ದಾರಿಯಲ್ಲಿ ಎಲ್ಲವೂ ಮಿಂಚಿನಂತೆ ಓಡುವಾಗ ಒಂದು ಮಾತ್ರ ಆಮೆಯಂತೆ ನಡೆಯುತ್ತಿದೆ. ಅದು ಯಾವುದು ಅಂತ ಆಮೇಲೆ ಹೇಳುತ್ತೇನೆ.

ಕಥೆ ಶುರುವಾಗೋದು ಅಂಗಡಿಯಲ್ಲಿ ಅಲ್ಲ, ಆಕಾಶದಲ್ಲಿ.

1948ರ ಜೂನ್ 24. ಎರಡನೇ ಮಹಾಯುದ್ಧ ಮುಗಿದು ಮೂರು ವರ್ಷ. ಬರ್ಲಿನ್ ನಗರದ ಪಶ್ಚಿಮ ಭಾಗ ಅಮೆರಿಕ, ಬ್ರಿಟನ್, ಫ್ರಾನ್ಸ್ ಕೈಯಲ್ಲಿದೆ. ಸುತ್ತಲಿನ ಪ್ರದೇಶವೆಲ್ಲ ಸೋವಿಯತ್ ಒಕ್ಕೂಟದ ವಶದಲ್ಲಿ. ಸ್ಟಾಲಿನ್ ಒಂದೇ ಏಟಿಗೆ ರೈಲು, ರಸ್ತೆ, ಕಾಲುವೆ ಎಲ್ಲ ಬಂದ್ ಮಾಡಿಬಿಟ್ಟ. 20 ಲಕ್ಷಕ್ಕೂ ಹೆಚ್ಚು ಜನ ಒಳಗೆ ಸಿಕ್ಕಿಬಿದ್ದರು. ಅವರಿಗೆ ಹಿಟ್ಟು ಬೇಕು, ಹಾಲಿನ ಪುಡಿ ಬೇಕು, ಚಳಿಗೆ ಕಲ್ಲಿದ್ದಲು ಬೇಕು. ಉಳಿದಿದ್ದು ಆಕಾಶ ಒಂದೇ. ಅಮೆರಿಕ ಮತ್ತು ಬ್ರಿಟನ್ ವಿಮಾನದಲ್ಲಿ ಸಾಮಾನು ಸಾಗಿಸಲು ಶುರುಮಾಡಿದವು. ಮುಂದಿನ ಸೆಪ್ಟೆಂಬರ್‌ವರೆಗೆ ಸುಮಾರು 2 ಲಕ್ಷ 77 ಸಾವಿರ ಹಾರಾಟ, 23 ಲಕ್ಷ ಟನ್ ಸರಕು. 1949ರ ಈಸ್ಟರ್ ಹೊತ್ತಿಗೆ ಒಂದೇ ದಿನದಲ್ಲಿ ಸುಮಾರು 13 ಸಾವಿರ ಟನ್ ಇಳಿಸಿದರು!

ಈಗ ನೀವೇ ಯೋಚನೆ ಮಾಡಿ. ನಿಮಿಷ ನಿಮಿಷಕ್ಕೆ ವಿಮಾನ ಇಳಿಯುತ್ತಿದೆ. ಒಂದೊಂದರ ಜೊತೆಗೂ ಒಂದು ಸರಕು ಪಟ್ಟಿ. ಒಂದು ಪಟ್ಟಿ ಒಂದು ಭಾಷೆಯಲ್ಲಿ, ಇನ್ನೊಂದು ಇನ್ನೊಂದು ಭಾಷೆಯಲ್ಲಿ. ಒಬ್ಬರದ್ದು ಮೂರು ಪ್ರತಿ, ಇನ್ನೊಬ್ಬರದ್ದು ಐದು ಪ್ರತಿ. ಒಬ್ಬರು ತೂಕ ಮೇಲೆ ಬರೆದರೆ ಇನ್ನೊಬ್ಬರು ಕೆಳಗೆ. ವಿಮಾನ ಖಾಲಿ ಮಾಡುವುದಕ್ಕಿಂತ ಕಾಗದ ಓದುವುದೇ ದೊಡ್ಡ ಕೆಲಸ! ಆ ಗೊಂದಲದ ನಡುವೆ ಅಮೆರಿಕ ಸೇನೆಯ ಒಬ್ಬ ಮಾಸ್ಟರ್ ಸಾರ್ಜೆಂಟ್ ಇದ್ದ. ಹೆಸರು ಎಡ್ವರ್ಡ್ ಗಿಲ್ಬರ್ಟ್. ಜನರಲ್ ಅಲ್ಲ, ಮಂತ್ರಿ ಅಲ್ಲ, ಸರಬರಾಜಿನ ಲೆಕ್ಕ ನೋಡುವವನು. ಆತ ಮತ್ತು ಆತನ ಜೊತೆಗಾರರು ಮಾಡಿದ್ದು ಬಹಳ ಸರಳವಾದ ಕೆಲಸ. ಎಲ್ಲರಿಗೂ ಒಂದೇ ಸರಕು ಪಟ್ಟಿ. ಯಾವ ಮಾಹಿತಿ ಯಾವ ಜಾಗದಲ್ಲಿ ಬರಬೇಕು ಅನ್ನೋದು ಮೊದಲೇ ಗೊತ್ತು. ಆ ಪಟ್ಟಿಯನ್ನು ಟೆಲೆಕ್ಸ್‌ನಲ್ಲಿ, ರೇಡಿಯೋ ಟೆಲಿಟೈಪ್‌ನಲ್ಲಿ, ಬೇಕಾದರೆ ಫೋನ್‌ನಲ್ಲೂ ಕಳಿಸಬಹುದು. ವಿಮಾನ ಬರುವ ಮೊದಲೇ ಅದರಲ್ಲಿ ಏನಿದೆ ಅನ್ನೋ ಸುದ್ದಿ ಬಂದಿರುತ್ತೆ.

ಇಷ್ಟೇ ನೋಡಿ ಇಡಿಐನ ಬೀಜ. ಇಲ್ಲಿ ಕಂಪ್ಯೂಟರ್ ಇಲ್ಲ, ಇಂಟರ್‌ನೆಟ್ ಇಲ್ಲ. ಇದ್ದದ್ದು ಒಂದು ಒಪ್ಪಂದ ಮಾತ್ರ. ನೀನು ಬರೆಯುವ ಜಾಗದಲ್ಲೇ ನಾನೂ ಬರೆಯುತ್ತೇನೆ ಅನ್ನೋ ಒಪ್ಪಂದ. ಹಸಿದ ಊರಿಗೆ ಅನ್ನ ತಲುಪಿಸಲು ಹುಟ್ಟಿದ ಒಪ್ಪಂದ ಇದು. ಈ ಮಾತು ನೆನಪಿರಲಿ.

ಯುದ್ಧ ಕಾಲದ ಬುದ್ಧಿ ವ್ಯಾಪಾರಕ್ಕೆ ಬರಲು ಹತ್ತು ಹದಿನೈದು ವರ್ಷ ಹಿಡಿಯಿತು. ಗಿಲ್ಬರ್ಟ್ ಆಮೇಲೆ ಡ್ಯುಪಾಂಟ್ ಎಂಬ ದೊಡ್ಡ ರಾಸಾಯನಿಕ ಕಂಪನಿ ಸೇರಿದ. 1960ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲೂ ಅದೇ ಕೆಲಸ. ಡ್ಯುಪಾಂಟ್ ಮತ್ತು ಅದರ ಟ್ಯಾಂಕರ್ ಲಾರಿ ಕಂಪನಿಯ ನಡುವೆ ಸರಕಿನ ವಿವರ ವಿದ್ಯುನ್ಮಾನ ಸಂದೇಶವಾಗಿ ಓಡಾಡುವಂತೆ ಮಾಡಿದ. 1965ರಲ್ಲಿ ಹಾಲೆಂಡ್-ಅಮೆರಿಕ ಲೈನ್ ಎಂಬ ಹಡಗು ಕಂಪನಿ ಅಟ್ಲಾಂಟಿಕ್ ಸಾಗರದ ಆಚೆಗೆ ಸರಕು ಪಟ್ಟಿಯನ್ನು ಟೆಲೆಕ್ಸ್‌ನಲ್ಲಿ ಕಳಿಸಿತು. ಆ ಕಡೆ ಅದನ್ನು ರಂಧ್ರದ ಕಾಗದ ಪಟ್ಟಿಗೆ ಇಳಿಸಿ ಕಂಪ್ಯೂಟರಿಗೆ ತಿನ್ನಿಸಿದರು. 1968ರಲ್ಲಿ ಅಮೆರಿಕದ ರೈಲು, ಲಾರಿ, ಹಡಗು, ವಿಮಾನದವರು ಸೇರಿ ಒಂದು ಸಮಿತಿ ಕಟ್ಟಿಕೊಂಡರು. ಅದರ ಹಿಂದಿನ ಶಕ್ತಿಯೂ ಇದೇ ಗಿಲ್ಬರ್ಟ್. 1975ರಲ್ಲಿ ಆ ಸಮಿತಿ ಮೊದಲ ಮಾನದಂಡ ಪ್ರಕಟಿಸಿತು. ಇವತ್ತು ಆತನನ್ನು ಇಡಿಐ ಪಿತಾಮಹ ಅಂತ ಕರೆಯುತ್ತಾರೆ.

ಹಾಗಾದರೆ ಅಂಗಡಿಯವರು ಎಲ್ಲಿದ್ದರು? ಅವರೂ ಒದ್ದಾಡುತ್ತಿದ್ದರು. ಆಗಿನ ತಮಾಷೆ ಕೇಳಿ. ಅಂಗಡಿ ಕಂಪನಿಯ ಬಳಿ ಕಂಪ್ಯೂಟರ್ ಇದೆ. ಸೋಪಿನ ಕಂಪನಿಯ ಬಳಿಯೂ ಕಂಪ್ಯೂಟರ್ ಇದೆ. ಈ ಕಂಪ್ಯೂಟರ್ ಆರ್ಡರನ್ನು ಕಾಗದದ ಮೇಲೆ ಅಚ್ಚು ಹಾಕುತ್ತೆ. ಗುಮಾಸ್ತ ಅದನ್ನು ಲಕೋಟೆಗೆ ಹಾಕಿ ಸ್ಟಾಂಪ್ ಅಂಟಿಸುತ್ತಾನೆ. ಅಂಚೆಯಲ್ಲಿ ಮೂರು ನಾಲ್ಕು ದಿನ. ಆ ಕಡೆ ಇನ್ನೊಬ್ಬ ಗುಮಾಸ್ತ ಲಕೋಟೆ ಹರಿದು, ಅದೇ ಅಂಕಿಗಳನ್ನು ಮತ್ತೆ ಕುಟ್ಟಿ ಕುಟ್ಟಿ ತನ್ನ ಕಂಪ್ಯೂಟರಿಗೆ ಹಾಕುತ್ತಾನೆ. ಮಧ್ಯದಲ್ಲಿ 10 ಅನ್ನೋದು 100 ಆದರೆ? ಹತ್ತು ಪೆಟ್ಟಿಗೆ ಬೇಕಾದ ಅಂಗಡಿಗೆ ನೂರು ಪೆಟ್ಟಿಗೆ! ಆಮೇಲೆ ಜಗಳ, ವಾಪಸಾತಿ, ಮತ್ತೆ ಕಾಗದ. ಎರಡು ಕಂಪ್ಯೂಟರುಗಳ ನಡುವೆ ಇಬ್ಬರು ಗುಮಾಸ್ತರು ಮತ್ತು ಒಬ್ಬ ಪೋಸ್ಟ್‌ಮ್ಯಾನ್ ನಿಂತಿದ್ದರು.

ದಾರಿ ತೆರೆದದ್ದು ಎರಡು ಸಂಗತಿ. ಮೊದಲನೆಯದು ಬಾರ್‌ಕೋಡ್. 1974ರ ಜೂನ್ 26ರಂದು ಅಮೆರಿಕದ ಒಹಾಯೋ ರಾಜ್ಯದ ಟ್ರಾಯ್ ಎಂಬ ಊರಿನ ಮಾರ್ಷ್ ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಪ್ಯಾಕು ರಿಗ್ಲಿ ಚೂಯಿಂಗ್ ಗಮ್ಮನ್ನು ಮೊದಲ ಬಾರಿಗೆ ಸ್ಕ್ಯಾನ್ ಮಾಡಿ ಮಾರಿದರು. ಬೆಲೆ 67 ಸೆಂಟ್. ಅಲ್ಲಿಂದ ಮುಂದೆ ಒಂದೊಂದು ವಸ್ತುವಿಗೂ ಒಂದು ಸಂಖ್ಯೆ. ಅಂಗಡಿಯವನೂ ಕಾರ್ಖಾನೆಯವನೂ ಅದೇ ಸಂಖ್ಯೆಯಲ್ಲಿ ಮಾತಾಡಬಹುದು. ಎರಡನೆಯದು, ಕಾಗದಪತ್ರಗಳಿಗೇ ಒಂದು ಸಾಮಾನ್ಯ ವ್ಯಾಕರಣ. 1979ರಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ಎಕ್ಸ್12 ಎಂಬ ಸಮಿತಿ ರಚಿಸಿತು. 1980ರ ದಶಕದ ಆರಂಭದಲ್ಲಿ ದಿನಸಿ ವ್ಯಾಪಾರಿಗಳು ತಮ್ಮದೇ ಒಂದು ಮಾನದಂಡ ತಂದರು. 1982ರಲ್ಲಿ ಬ್ರಿಟನ್ನಿನ ಚಿಲ್ಲರೆ ವ್ಯಾಪಾರಕ್ಕೆ ಟ್ರೇಡಕಾಮ್ಸ್ ಬಂತು. 1987ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಎಡಿಫ್ಯಾಕ್ಟ್ ಬಂತು.

ಈ ವ್ಯಾಕರಣ ಹೇಗಿರುತ್ತೆ? ರೈಲಿನ ಬೋಗಿಗಳನ್ನು ನೆನಪಿಸಿಕೊಳ್ಳಿ. ಇಂಥ ಬೋಗಿಯಲ್ಲಿ ಆರ್ಡರ್ ನಂಬರು, ಮುಂದಿನದರಲ್ಲಿ ತಾರೀಖು, ಅದರ ಮುಂದಿನದರಲ್ಲಿ ವಸ್ತುವಿನ ಸಂಖ್ಯೆ, ಆಮೇಲೆ ಎಷ್ಟು, ಎಷ್ಟಕ್ಕೆ. ಎರಡು ಬೋಗಿಯ ನಡುವೆ ಒಂದು ನಕ್ಷತ್ರ ಚಿಹ್ನೆ ಕೊಂಡಿಯಂತೆ. ಒಂದೊಂದು ದಸ್ತಾವೇಜಿಗೂ ಒಂದು ನಂಬರು. ಎಕ್ಸ್12ನಲ್ಲಿ 850 ಅಂದರೆ ಖರೀದಿ ಆದೇಶ. 855 ಅಂದರೆ 'ಆದೇಶ ಬಂತು, ಒಪ್ಪಿದ್ದೇನೆ'. 856 ಅಂದರೆ 'ಸರಕು ಹೊರಟಿದೆ, ಲಾರಿಯಲ್ಲಿ ಇಂತಿಂಥದ್ದು ಇದೆ'. ಇದು ಬರ್ಲಿನ್ನಿನ ಸರಕು ಪಟ್ಟಿಯ ಮೊಮ್ಮಗ ಅನ್ನಿ. 810 ಅಂದರೆ ಬಿಲ್ಲು. 997 ಅಂದರೆ 'ನಿನ್ನ ಸಂದೇಶ ತಲುಪಿತು' ಅನ್ನೋ ರಸೀದಿ. ಇನ್ನೊಂದಿದೆ, 820. ಪಾವತಿಯ ಆದೇಶ. ಅಂದರೆ ದುಡ್ಡು ಕೊಡುವ ಸಂದೇಶ. ಈ ನಂಬರನ್ನೂ ನೆನಪಿಟ್ಟುಕೊಳ್ಳಿ.

ಇನ್ನು ರಂಗಕ್ಕೆ ಬರುವುದು ದೊಡ್ಡ ಕುಳ, ವಾಲ್‌ಮಾರ್ಟ್. 1987ರಲ್ಲಿ ಅದು ತನ್ನ ಅಂಗಡಿಗಳನ್ನೆಲ್ಲ ಉಪಗ್ರಹದ ಮೂಲಕ ಜೋಡಿಸಿತು. ಅದೇ ಹೊತ್ತಿಗೆ ಅದರ ಸ್ಥಾಪಕ ಸ್ಯಾಮ್ ವಾಲ್ಟನ್ ಮತ್ತು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಮಾರಾಟ ಮುಖ್ಯಸ್ಥ ಲೂ ಪ್ರಿಚೆಟ್ ಒಂದು ನದಿಯಲ್ಲಿ ದೋಣಿ ಸವಾರಿಗೆ ಹೋದರು. ಅಲ್ಲಿ ಮಾತುಕತೆ. ನನ್ನ ಅಂಗಡಿಯಲ್ಲಿ ಏನು ಮಾರಾಟವಾಯಿತು ಅನ್ನೋದನ್ನ ನಿನಗೆ ನೇರವಾಗಿ ತೋರಿಸಿದರೆ ಹೇಗೆ? ನಾನು ಆರ್ಡರ್ ಹಾಕುವವರೆಗೆ ಕಾಯೋದು ಯಾಕೆ, ನೀನೇ ನೋಡಿ ಕಳಿಸಬಾರದಾ? ಪ್ಯಾಂಪರ್ಸ್ ಡೈಪರ್‌ನಂಥ ಸರಕು ಹೀಗೆ ಓಡಾಡತೊಡಗಿತು. ಅಲ್ಲಿಯವರೆಗೆ ಅಂಗಡಿ ಮತ್ತು ಕಾರ್ಖಾನೆ ಚೌಕಾಶಿ ಮಾಡುವ ಎದುರಾಳಿಗಳು. ಈಗ ಒಂದೇ ಲೆಕ್ಕದ ಪುಸ್ತಕ ನೋಡುವ ಪಾಲುದಾರರು. 1991ರಲ್ಲಿ ವಾಲ್‌ಮಾರ್ಟ್ ಈ ಮಾರಾಟದ ಮಾಹಿತಿಯನ್ನು ಸರಬರಾಜುದಾರರಿಗೆ ತೋರಿಸಲು 'ರಿಟೇಲ್ ಲಿಂಕ್' ಶುರುಮಾಡಿತು.

ಚೆನ್ನಾಗಿದೆ ಅಲ್ವಾ? ಹೌದು, ಚೆನ್ನಾಗಿದೆ. ಆದರೆ ದೋಣಿಯಲ್ಲಿ ಕೂತವರು ಇಬ್ಬರೂ ದೊಡ್ಡವರು. ದಡದಲ್ಲಿ ನಿಂತ ಸಣ್ಣವನ ಕಥೆ ಏನು?

ಅಲ್ಲೇ ಒಪ್ಪಂದ ಹೋಗಿ ಅಪ್ಪಣೆ ಬಂತು. ದೊಡ್ಡ ಅಂಗಡಿ ಸರಪಳಿಗಳು ಸರಬರಾಜುದಾರರಿಗೆ ಪತ್ರ ಬರೆದವು. ಇಂಥ ತಾರೀಖಿನಿಂದ ಇಡಿಐ ಇಲ್ಲದಿದ್ದರೆ ನಿಮ್ಮ ಸರಕು ಬೇಡ. ಸಣ್ಣ ಕಾರ್ಖಾನೆಯವನಿಗೆ ಸಾಫ್ಟ್‌ವೇರ್ ದುಬಾರಿ. ಸಂದೇಶಗಳು ನೇರವಾಗಿ ಬರುತ್ತಿರಲಿಲ್ಲ, ವ್ಯಾನ್ ಎಂಬ ಖಾಸಗಿ ಜಾಲದ ಮೂಲಕ ಬರುತ್ತಿದ್ದವು. ಅದು ವಿದ್ಯುನ್ಮಾನ ಅಂಚೆ ಕಚೇರಿ ಇದ್ದ ಹಾಗೆ. ಅಲ್ಲಿ ಅಕ್ಷರ ಲೆಕ್ಕ ಹಾಕಿ ಶುಲ್ಕ! ಪಾಪ, ಅನೇಕ ಸಣ್ಣವರು ಏನು ಮಾಡಿದರು ಗೊತ್ತಾ? ಆರ್ಡರ್ ಬಂದ ಮೇಲೆ ಪ್ರಿಂಟ್ ತೆಗೆದು, ಕಾಗದ ಹರಿದುಕೊಂಡು, ಮತ್ತೆ ಕೈಯಲ್ಲೇ ತಮ್ಮ ಲೆಕ್ಕಕ್ಕೆ ಏರಿಸಿದರು. ಇದಕ್ಕೆ ಅಲ್ಲಿನವರು 'ಹರಿ, ಓದು' ಪದ್ಧತಿ ಅಂತಲೇ ತಮಾಷೆ ಮಾಡುತ್ತಿದ್ದರು. ದೊಡ್ಡವನಿಗೆ ಕಾಗದ ಉಳಿಯಿತು. ಸಣ್ಣವನಿಗೆ ಕಾಗದವೂ ಉಳಿಯಲಿಲ್ಲ, ದುಡ್ಡೂ ಉಳಿಯಲಿಲ್ಲ.

ಆಮೇಲೆ ದಂಡ. 856 ತಡವಾಯಿತಾ? ಬಿಲ್ಲಿನಲ್ಲಿ ಇಷ್ಟು ಕಡಿತ. ಪೆಟ್ಟಿಗೆಯ ಲೇಬಲ್ ಸರಿಯಿಲ್ಲವಾ? ಇನ್ನಷ್ಟು ಕಡಿತ. ಲಾರಿ ಬರುವ ಮೊದಲು ಸಂದೇಶ ಬರದಿದ್ದರೆ ಮತ್ತೆ ಕಡಿತ. ಕಂಪ್ಯೂಟರ್ ಎಲ್ಲದಕ್ಕೂ ಸಮಯದ ಮುದ್ರೆ ಒತ್ತುವುದರಿಂದ ಸಣ್ಣವನು ಹತ್ತು ನಿಮಿಷ ತಡ ಮಾಡಿದರೂ ಸಿಕ್ಕಿಬೀಳುತ್ತಾನೆ. 2002ರಲ್ಲಿ ವಾಲ್‌ಮಾರ್ಟ್ ಇಂಟರ್‌ನೆಟ್ ಮೂಲಕವೇ ಸಂದೇಶ ಕಳಿಸುವ ಎಎಸ್2 ಎಂಬ ವಿಧಾನಕ್ಕೆ ಬನ್ನಿ ಅಂತ ಸರಬರಾಜುದಾರರಿಗೆ ಹೇಳಿದ ಮೇಲೆ ಅಕ್ಷರದ ಶುಲ್ಕದ ಭಾರ ತಗ್ಗುತ್ತಾ ಬಂತು, ನಿಜ. ಆದರೆ ಇಲ್ಲಿಯೂ ಅಪ್ಪಣೆ ಕೊಟ್ಟದ್ದು ಮೇಲಿನವನು, ಪಾಲಿಸಿದ್ದು ಕೆಳಗಿನವನು.

ಈಗ ನಮ್ಮ ದೇಶಕ್ಕೆ ಬರೋಣ. ನಮಗೂ ಇದಕ್ಕೂ ಏನು ಸಂಬಂಧ ಅನ್ನಬೇಡಿ. ಐಟಿ ಆಕ್ಟ್ ಅಂದರೆ ನಿಮಗೆ ಏನು ನೆನಪಾಗುತ್ತೆ? ಫೇಸ್‌ಬುಕ್ ಪೋಸ್ಟು, ದೂರು, ಅರೆಸ್ಟು. ನಾವು ಚಾನೆಲ್‌ನವರು ಅದನ್ನೇ ತೋರಿಸಿದ್ದು. ಆದರೆ 2000ದ ಆ ಕಾಯ್ದೆಯ ಪೀಠಿಕೆ ತೆಗೆದು ನೋಡಿ. ಈ ಕಾಯ್ದೆ ಮಾಡುತ್ತಿರುವುದೇ ಇಡಿಐ ಮತ್ತಿತರ ವಿದ್ಯುನ್ಮಾನ ಸಂವಹನದ ಮೂಲಕ ನಡೆಯುವ ವ್ಯವಹಾರಕ್ಕೆ ಕಾನೂನಿನ ಮಾನ್ಯತೆ ಕೊಡಲು ಅಂತ ಅಲ್ಲಿದೆ! 1996ರಲ್ಲಿ ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ ರೂಪಿಸಿದ ಮಾದರಿ ಕಾನೂನೇ ಅದಕ್ಕೆ ಆಧಾರ. ಅಂದರೆ ಸಹಿ ಇಲ್ಲದ, ಕಾಗದ ಇಲ್ಲದ ಬಿಲ್ಲಿಗೂ ಕೋರ್ಟಿನಲ್ಲಿ ಬೆಲೆ ಬಂದದ್ದು ಆ ಕಾಯ್ದೆಯಿಂದ.

ಅಮೆರಿಕದಲ್ಲಿ ಇಡಿಐಗೆ ಬಾ ಅಂತ ಅಪ್ಪಣೆ ಕೊಟ್ಟದ್ದು ದೊಡ್ಡ ಅಂಗಡಿ. ನಮ್ಮಲ್ಲಿ ದೊಡ್ಡ ಅಂಗಡಿಗಳೂ ಕೊಟ್ಟವು. ಆದರೆ ಎಲ್ಲರನ್ನೂ ಒಂದೇ ವ್ಯಾಕರಣಕ್ಕೆ ತಂದದ್ದು ತೆರಿಗೆ ಇಲಾಖೆ. ಈ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದಿರಲಿಲ್ಲ. ವ್ಯಾಟ್ ಕಾಲದಲ್ಲೇ ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಸರಕು ಸಾಗಣೆಯ ವಿವರವನ್ನು ಆನ್‌ಲೈನಿನಲ್ಲಿ ಹಾಕುವ 'ಇ-ಸುಗಮ್' ತಂದಿತ್ತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. 2018ರ ಏಪ್ರಿಲ್ 1ರಂದು ಇ-ವೇ ಬಿಲ್ ಜಾರಿಯಾದಾಗ ರಾಜ್ಯದ ಒಳಗಿನ ಸಾಗಣೆಗೂ ಅದನ್ನು ಅದೇ ದಿನದಿಂದ ತಂದ ರಾಜ್ಯ ನಮ್ಮದು. ಆಮೇಲೆ ಇ-ಇನ್‌ವಾಯ್ಸ್. 2020ರ ಅಕ್ಟೋಬರ್ 1ರಿಂದ 500 ಕೋಟಿಗಿಂತ ಹೆಚ್ಚು ವಹಿವಾಟು ಇದ್ದವರಿಗೆ. ಹಂತ ಹಂತವಾಗಿ ಇಳಿದು 2023ರ ಆಗಸ್ಟ್ 1ರಿಂದ 5 ಕೋಟಿ ದಾಟಿದವರಿಗೂ. ವ್ಯಾಪಾರಿ ಇನ್ನೊಬ್ಬ ವ್ಯಾಪಾರಿಗೆ ಬರೆಯುವ ಬಿಲ್ಲು ಮೊದಲು ಸರ್ಕಾರಿ ಪೋರ್ಟಲ್‌ಗೆ ಹೋಗಬೇಕು. ಅಲ್ಲಿಂದ ಒಂದು ನಂಬರು, ಒಂದು ಕ್ಯೂಆರ್ ಕೋಡ್ ಬರಬೇಕು. ಅದಿಲ್ಲದಿದ್ದರೆ ಅದು ಬಿಲ್ಲೇ ಅಲ್ಲ.

ಬರ್ಲಿನ್ನಿನ ಸಾರ್ಜೆಂಟ್ ಕಂಡ ಕನಸು ಇದೇ ಅಲ್ವಾ? ದೇಶಕ್ಕೆಲ್ಲ ಒಂದೇ ಪಟ್ಟಿ. ಕಳ್ಳ ಬಿಲ್ಲಿಗೆ ಕಡಿವಾಣ ಬಿತ್ತು, ಒಳ್ಳೆಯದೇ ಆಯಿತು. ನಾನು ಇದನ್ನು ವಿರೋಧಿಸುವವನಲ್ಲ.

ಆದರೆ ಈಗ ಆ ಆಮೆಯ ವಿಷಯಕ್ಕೆ ಬರುತ್ತೇನೆ. ಆರ್ಡರ್ ಸೆಕೆಂಡಿನಲ್ಲಿ ಬಂತು. ಸರಕು ಎರಡು ದಿನದಲ್ಲಿ ಹೋಯಿತು. ಬಿಲ್ಲು ಸೆಕೆಂಡಿನಲ್ಲಿ ಹೋಯಿತು. ದುಡ್ಡು? ಅರವತ್ತು ದಿನ, ತೊಂಬತ್ತು ದಿನ. ಕೇಳಿದರೆ 'ಅಕೌಂಟ್ಸ್‌ನಲ್ಲಿದೆ ಸಾರ್, ಮುಂದಿನ ವಾರ ನೋಡೋಣ'. ಸಣ್ಣ ಕೈಗಾರಿಕೆ ನಡೆಸುವ ಯಾರನ್ನಾದರೂ ಮಾತಾಡಿಸಿ, ಅವರ ಮೊದಲ ಮಾತೇ ಇದು. ಕಾಗದದ ಕಾಲದಲ್ಲಿ ಒಂದು ನೆಪ ಇತ್ತು. ಬಿಲ್ಲು ಅಂಚೆಯಲ್ಲಿ ಕಳೆದಿದೆ, ಸಾಹೇಬರ ಮೇಜಿನ ಮೇಲಿದೆ, ಚಲನ್ ಜೊತೆ ತಾಳೆ ಆಗುತ್ತಿಲ್ಲ. ಉದ್ರಿ ಕೊಟ್ಟವನು ಆ ನೆಪ ನಂಬಲೇಬೇಕಿತ್ತು. ಇವತ್ತು ಬಿಲ್ಲು ಹುಟ್ಟಿದ ನಿಮಿಷವೂ ಗೊತ್ತು, ಲಾರಿ ಹೊರಟ ದಿನವೂ ಗೊತ್ತು. ನೆಪ ಸತ್ತಿದೆ. ವಿಳಂಬ ಮಾತ್ರ ಬದುಕಿದೆ!

ಲೆಕ್ಕ ನೋಡಿ. ತಿಂಗಳ ರಿಟರ್ನ್ ಹಾಕುವ ಸರಬರಾಜುದಾರ ಬಿಲ್ಲು ಬರೆದ ಮುಂದಿನ ತಿಂಗಳ 20ನೇ ತಾರೀಖಿಗೆ ಜಿಎಸ್‌ಟಿ ಕಟ್ಟಬೇಕು. ಗಿರಾಕಿ ದುಡ್ಡು ಕೊಟ್ಟಿರಲಿ ಬಿಡಲಿ, ಕೈಯಿಂದ ಕಟ್ಟಬೇಕು. ಆ ಕಡೆ ಕೊಂಡವನು ಅದೇ ಬಿಲ್ಲು ತೋರಿಸಿ ತೆರಿಗೆ ಜಮೆ ಪಡೆಯುತ್ತಾನೆ. ಅವನು ದುಡ್ಡು ಕೊಡದಿದ್ದರೆ ಆ ಜಮೆ ವಾಪಸ್ ಮಾಡಬೇಕು ಅನ್ನೋ ನಿಯಮ ಇದೆ. ಎಷ್ಟು ದಿನ ಆದ ಮೇಲೆ? 180 ದಿನ! ಬಿಲ್ಲು ಬರೆದವನಿಗೆ ವಾರಗಳ ಗಡುವು, ಕೊಂಡವನಿಗೆ ಆರು ತಿಂಗಳು. ಇದು ಯಾವ ನ್ಯಾಯ ಸ್ವಾಮಿ?

ಹಾಗಂತ ಕಾನೂನೇ ಇಲ್ಲ ಅಂತಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಕಿರು ಮತ್ತು ಸಣ್ಣ ಉದ್ಯಮಕ್ಕೆ, ಒಪ್ಪಂದ ಏನೇ ಇರಲಿ, 45 ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಬಡ್ಡಿ ಕೇಳಿದವನಿಗೆ ಮುಂದಿನ ಆರ್ಡರ್ ಬರುತ್ತಾ? ಬರೋದಿಲ್ಲ, ಅದಕ್ಕೇ ಯಾರೂ ಕೇಳೋದಿಲ್ಲ. ಇದನ್ನು ಕಂಡೇ ಸರ್ಕಾರ 2023ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದಿತು. ಗಡುವಿನೊಳಗೆ ದುಡ್ಡು ಕೊಡದಿದ್ದರೆ ಕೊಂಡವನು ಆ ಖರ್ಚನ್ನು ಆ ವರ್ಷದ ಲೆಕ್ಕದಲ್ಲಿ ತೋರಿಸುವಂತಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ಇನ್ನು ಟ್ರೆಡ್ಸ್ ಎಂಬ ವೇದಿಕೆ ಇದೆ. 2014ರಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಅಲ್ಲಿ ಸಣ್ಣವನ ಬಿಲ್ಲಿನ ಮೇಲೆ ಬ್ಯಾಂಕುಗಳು ಬಿಡ್ ಮಾಡಿ ಮುಂಚಿತವಾಗಿ ದುಡ್ಡು ಕೊಡುತ್ತವೆ. ಹಳೆಯ ಕಾಲದ ಹುಂಡಿಯ ಹೊಸ ಅವತಾರ ಅನ್ನಿ. ಆದರೆ ಅಲ್ಲೂ ಒಂದು ಬಟನ್ ಇದೆ. 'ಈ ಬಿಲ್ಲು ಸರಿ' ಅಂತ ಕೊಂಡವನು ಒತ್ತಬೇಕು. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಆ ವೇದಿಕೆಗೆ ಸೇರುವುದನ್ನು ಸರ್ಕಾರ ಕಡ್ಡಾಯ ಮಾಡಿದೆ. ಸೇರುವುದು ಕಡ್ಡಾಯ. ಬಟನ್ ಒತ್ತುವುದು ಅವರ ಮರ್ಜಿ!

ಇಷ್ಟೆಲ್ಲ ಇತಿಹಾಸ ಓದಿದ ಮೇಲೆ ನನಗೆ ಅನ್ನಿಸೋದು ಇಷ್ಟು. ಯಂತ್ರ ಯಾವತ್ತೂ ಪಕ್ಷಪಾತ ಮಾಡಲಿಲ್ಲ. ಆರ್ಡರ್ ಕಳಿಸುವ 850 ಎಷ್ಟು ವೇಗವೋ ದುಡ್ಡು ಕಳಿಸುವ 820 ಕೂಡ ಅಷ್ಟೇ ವೇಗ. ಎರಡೂ ಒಂದೇ ವ್ಯಾಕರಣದ ಮಕ್ಕಳು. ಒಂದನ್ನು ಓಡಿಸಿದ್ದು, ಇನ್ನೊಂದನ್ನು ಕೂರಿಸಿದ್ದು ಮನುಷ್ಯರೇ. ಬರ್ಲಿನ್ನಿನಲ್ಲಿ ಆ ಪಟ್ಟಿ ಕೆಲಸ ಮಾಡಿದ್ದು ಯಾಕೆ? ಕಳಿಸುವವನಿಗೂ ಪಡೆಯುವವನಿಗೂ ಸಮಾನ ಅವಸರ ಇತ್ತು. ಅಂಗಡಿಯಲ್ಲಿ ಅವಸರ ಇರೋದು ಒಬ್ಬನಿಗೆ, ನಿಯಮ ಬರೆಯೋದು ಇನ್ನೊಬ್ಬ.

ಕೊನೆಗೆ ಒಂದು ಸಣ್ಣ ಸಂಗತಿ ಹೇಳಿ ಮುಗಿಸುತ್ತೇನೆ. ನಮ್ಮ ಇ-ಇನ್‌ವಾಯ್ಸಿನ ನಮೂನೆಯಲ್ಲಿ ಹತ್ತಾರು ಕೋಣೆಗಳಿವೆ. ಮಾರುವವನ ಜಿಎಸ್‌ಟಿ ನಂಬರಿನ ಕೋಣೆ ಕಡ್ಡಾಯ. ಬಿಲ್ಲಿನ ತಾರೀಖಿನ ಕೋಣೆ ಕಡ್ಡಾಯ. ಸರಕಿನ ಎಚ್‌ಎಸ್‌ಎನ್ ಕೋಡ್ ಕಡ್ಡಾಯ. ತೆರಿಗೆ ಪೈಸೆ ಪೈಸೆಗೂ ಕಡ್ಡಾಯ. 'ಎಷ್ಟು ದಿನದ ಉದ್ರಿ' ಅನ್ನೋದಕ್ಕೂ ಅಲ್ಲಿ ಒಂದು ಕೋಣೆ ಇದೆ. ಆದರೆ ಅದು ಐಚ್ಛಿಕ. ತುಂಬಿದರೂ ನಡೆಯುತ್ತೆ, ಖಾಲಿ ಬಿಟ್ಟರೂ ನಡೆಯುತ್ತೆ. ಆ ಕೋಣೆಯನ್ನು ಕಡ್ಡಾಯ ಮಾಡಿ. ಪಕ್ಕದಲ್ಲೇ ಇನ್ನೊಂದು ಕೋಣೆ ಹಾಕಿ, ದುಡ್ಡು ಕೊಟ್ಟ ದಿನಾಂಕ ಅಂತ. ಸಣ್ಣವನು ಬಾಯಿಬಿಟ್ಟು ಕೇಳಬೇಕಾಗಿಲ್ಲ, ದೂರು ಕೊಡಬೇಕಾಗಿಲ್ಲ, ಮುಂದಿನ ಆರ್ಡರ್ ಕಳೆದುಕೊಳ್ಳುವ ಭಯವೂ ಬೇಕಿಲ್ಲ. ಲೆಕ್ಕ ತಾನಾಗಿಯೇ ಮಾತಾಡುತ್ತೆ.

ತೆರಿಗೆಯ ಒಂದು ಪೈಸೆ ತಪ್ಪಿದರೆ ರಾತ್ರೋರಾತ್ರಿ ನೋಟಿಸ್ ಕಳಿಸುವ ಯಂತ್ರಕ್ಕೆ ಇದೇನು ದೊಡ್ಡ ಕೆಲಸವಾ?